ಬಾಯ್ಲರಿಗೆ ಕಟ್ಟಿದ ಕಾಯಿ

ಸಿದ್ದಾರೂಢ ಕಾಕಾರಷ್ಟು ಅಂಜುವ ಇನ್ನೊಬ್ಬರನ್ನು ನಾನು ಪುಣೆಯಲ್ಲಿ ಕಂಡಿಲ್ಲ. ಬೈಲಹೊಂಗಲದ ಕಡೆಯವರು, ಯೆರವಡಾದಲ್ಲಿ ಮನೆ. ಸಾಸವಡ ರಸ್ತೆಯ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಬಾಯ್ಲರ್ ನೋಡಿಕೊಳ್ಳುವುದು ಇಪ್ಪತ್ತೆರಡು ವರ್ಷದಿಂದ ಅವರ ಕೆಲಸ. ಅವರಿಗೆ ಅಂಜಿಕೆಯೂ ಆ ಬಾಯ್ಲರಿನದೇ. ಪ್ರತಿ ಸಲ ಬರ್ನರ್ ಹಚ್ಚುವ ಮುಂಚೆ ಅದಕ್ಕೆ ಕೈಮುಗಿಯುವರು.

"ನೀರ ಕುದಿಸಾಕ ಇಷ್ಟ್ಯಾಕ ಅಂಜತೀರಿ ಕಾಕಾ?" ಎಂದು ಕಾಡಿಸುತ್ತಿದ್ದವಳು ನಾನೇ. ಥರ್ಮೋಡೈನಾಮಿಕ್ಸ್ ಕಲಿಸುವವಳು, ನನಗೇನು ಭಯ?

"ನಿಮಗ ಪುಸ್ತಕದಾಗ ಕುದೀತದ್ರಿ ಮೇಡಂ. ನನಗ ಮಗ್ಗಲದಾಗ ಕುದೀತದ."

ಆ ಭಯಕ್ಕೇ, ಹತ್ತನೇ ಇಯತ್ತೆ ಓದಿದ ಕಾಕಾ ಉಗಿಯ ಕೋಷ್ಟಕದ ಒಂದು ಪುಟ ಬಾಯಿಪಾಠ ಮಾಡಿದ್ದರು. ನೀರೂ ಉಗಿಯೂ ಒಂದೇ ಪಾತ್ರೆಯಲ್ಲಿ ಕೂಡಿರುವಾಗ ಇಷ್ಟು ಬಿಸಿಗೆ ಇಷ್ಟೇ ಒತ್ತಡ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಾನು ತಾಸುಗಟ್ಟಲೆ ಕೊರೆದರೂ ಹುಡುಗರ ತಲೆಗೆ ಹೋಗದ ಈ ಮಾತು ಅವರಿಗೆ ಮಗ್ಗಿಯಂತೆ ಬರುತ್ತಿತ್ತು.

ಖಂಡೇನವಮಿಯ ಆಯುಧಪೂಜೆಯಾದ ಮರುವಾರ ಇಪ್ಪತ್ತು ಮಕ್ಕಳ ಪ್ರಾಕ್ಟಿಕಲ್ ಇತ್ತು. ಬಾಯ್ಲರಿನ ಮೈಮೇಲೆ ಬಾಡಿದ ಚೆಂಡುಹೂವಿನ ಮಾಲೆ ಇನ್ನೂ ನೇತಾಡುತ್ತಿತ್ತು. ಒತ್ತಡ ತೋರಿಸುವ ಗೇಜಿನ ಮುಳ್ಳು ಐದಕ್ಕೆ ಬಂದು ನಿಂತಿತು. ಐದೂವರೆಗೆ ಸೇಫ್ಟಿ ವಾಲ್ವ್ ತಾನೇ ತೆರೆದು ಉಗಿ ಬಿಡಬೇಕು. ಆರು ದಾಟಿದರೆ ಆ ಹಳೆಯ ಬಾಯ್ಲರನ್ನು ನಂಬುವಂತಿರಲಿಲ್ಲ. ಐದರಲ್ಲೇ ಇದೆಯಲ್ಲ ಎಂದು ನಾನು ಸುಮ್ಮನಿದ್ದೆ.

ಥರ್ಮಾಮೀಟರ್ ನೋಡುತ್ತಿದ್ದ ವಿದ್ಯಾರ್ಥಿನಿ ಅನುಜಾ, "ನೂರಾ ಎಪ್ಪತ್ತು, ಮೇಡಂ" ಎಂದು ಬರೆದುಕೊಂಡಳು.

ಕಾಕಾರ ಮುಖ ಬಿಳಿಚಿತು. "ಐದಕ್ಕ ನೂರಾ ಐವತ್ತೊಂಬತ್ತು ಬರಬೇಕ್ರಿ. ನೂರಾ ಎಪ್ಪತ್ತಂದ್ರ ಒಳಗ ಏಳಾಗೇದ. ಮುಳ್ಳು ಸುಳ್ಳು ಹೇಳಾಕತ್ತದ."

"ಥರ್ಮಾಮೀಟರ್ ಕೆಟ್ಟಿರಬೇಕು ಬಿಡ್ರಿ" ಎಂದೆ. ನನ್ನ ಎಂಟೆಕ್ ಬುದ್ಧಿ ಅಷ್ಟೇ.

ಅವರು ಮೊದಲ ಸಲ ನನ್ನ ಮಾತು ಕೇಳಲಿಲ್ಲ. ಬರ್ನರ್ ಆರಿಸಿ, ಮರಾಠಿಯಲ್ಲಿ ಗದರಿ ಮಕ್ಕಳನ್ನೆಲ್ಲ ಹೊರಗಟ್ಟಿದರು.

"ನೀವೂ ನಡೀರಿ ಮೇಡಂ. ನೀರಿನ ಮಟ್ಟ ನೋಡಾಕ ಒಬ್ಬರು ಇಲ್ಲಿ ಇರಬೇಕು."

ನಾನು ಹೋದೆ. ಹೇಳಲು ನಾಚಿಕೆ, ಓಡಿಯೇ ಹೋದೆ.

ಅಂಗಳದಾಚೆಯಿಂದ ಕಿಟಕಿಯೊಳಗೆ ನೋಡಿದರೆ ಕಾಕಾ ಸೇಫ್ಟಿ ವಾಲ್ವನ್ನೇ ದಿಟ್ಟಿಸುತ್ತಿದ್ದರು. ಅದನ್ನು ಒತ್ತಿಹಿಡಿಯುವ ಸನ್ನೆಗೋಲಿನ ತುದಿಯಲ್ಲಿ, ಕಬ್ಬಿಣದ ಗುಂಡಿನ ಪಕ್ಕ, ಕೆಂಪು ಬಟ್ಟೆಯ ಗಂಟೊಂದು ತೂಗುತ್ತಿತ್ತು. ಒಳಗೆ ಪೂಜೆಯ ತೆಂಗಿನಕಾಯಿ. ಆ ಭಾರಕ್ಕೆ ವಾಲ್ವ್ ಏಳದೆ ಕೂತಿತ್ತು. ಆಗ ಅದನ್ನು ಅಲುಗಿಸುವುದಕ್ಕೂ ಅವರಿಗೆ ಧೈರ್ಯವಾಗಲಿಲ್ಲ. ಬಿಸಿ ಇಳಿಯುವವರೆಗೆ, ಮುಕ್ಕಾಲು ತಾಸು, ಒಬ್ಬರೇ ಕೈಮುಗಿದು ನಿಂತರು.

ಆಮೇಲೆ ಗೇಜು ಬಿಚ್ಚಿ ನೋಡಿದೆವು. ಪೂಜೆಗೆಂದು ಉಜ್ಜುವಾಗ ಗಾಜು ಒಳಕ್ಕೆ ಸರಿದು ಮುಳ್ಳನ್ನು ಐದರಲ್ಲಿ ತಡೆದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಆ ಕಾಯಿ ಅಲ್ಲಿ ಕಟ್ಟಿದವರು ಯಾರ್ರಿ?"

ಕಾಕಾ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು.

"ನಾನ್ರಿ. ಈ ವರ್ಷ ಭಾಳ ಅಂಜಿಕಿ ಬಂದಿತ್ತು. ಎಲ್ಲಿ ಕಟ್ಟಿದ್ರ ಮಕ್ಕಳನ್ನ ಕಾಯ್ತದ ಅಂತ ಹುಡುಕಿ ಹುಡುಕಿ, ಅಲ್ಲೇ ಕಟ್ಟಿದೆ."