ಅಕ್ಕ ಅರ್ಧಕ್ಕೆ ಬಿಟ್ಟ ಅಲೆಗಳ ಲೆಕ್ಕ

ಗುರುತ್ವದ ಅಲೆ ಸಿಕ್ಕಿತು ಅನ್ನುವ ಸುದ್ದಿಯನ್ನು ನಾನು ಓದಿದ್ದು ಬೆಳಗಿನ ಪೇಪರಿನಲ್ಲಿ, ಬೆಟಗೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು. ಪಾಠ ಮಾಡಲು ಕಾಲೇಜಿಗೆ ಹೊರಡುವ ಗಡಿಬಿಡಿಯಿತ್ತು. ಆದರೂ ಪೇಪರು ಕೆಳಗಿಟ್ಟು ಲಕ್ಷ್ಮೇಶ್ವರದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ಸಿಕ್ಕೇತಂತ.”

“ಏನು ಸಿಕ್ಕೇತಿ?”

“ಅಲೆ. ನಿನ್ನ ಅಲೆ. ಅಮೆರಿಕಾದಾಗ ಎರಡು ಕಡೆ ಯಂತ್ರ ಕಟ್ಯಾರಲ್ಲ, ಎರಡರಾಗೂ ಸಿಕ್ಕೇತಂತ.”

“ಯಾವುದರದ್ದು?”

“ಎರಡು ಕಪ್ಪುರಂಧ್ರದ್ದು. ಒಂದರ ಸುತ್ತ ಒಂದು ತಿರುಗಿ ತಿರುಗಿ ಕೂಡಿಕೊಂಡಾವಂತ.”

“ಎಷ್ಟು ದೊಡ್ಡವು?”

“ಒಂದೊಂದು ಹತ್ತಿರ ಹತ್ತಿರ ಮೂವತ್ತು ಸೂರ್ಯರ ತೂಕದ್ದು.”

“ಅಷ್ಟು ದೊಡ್ಡವು!” ಅಂದಳು. “ಅಷ್ಟು ದೊಡ್ಡವು ಇರ್ತಾವಂತ ನಾವು ಅಂದ್ಕೊಂಡೇ ಇರಲಿಲ್ಲ.” ಆಮೇಲೆ, “ಹಾಲು ಉಕ್ಕಾಕತ್ತೇತಿ, ಇಡ್ತೀನಿ,” ಅಂದು ಫೋನ್ ಇಟ್ಟಳು.

ಎಷ್ಟೋ ವರ್ಷಗಳ ಮೇಲೆ ಅವಳ ಬಾಯಿಂದ ಆ ‘ನಾವು’ ಅನ್ನುವ ಮಾತು ಬಂದಿತ್ತು. ಅದು ಅವಳ ಮನೆಯವರನ್ನು ಕುರಿತದ್ದಲ್ಲ, ಅವಳು ಪಾಠ ಮಾಡುವ ಶಾಲೆಯವರನ್ನು ಕುರಿತದ್ದೂ ಅಲ್ಲ.

ನಮ್ಮಪ್ಪನದು ಲಕ್ಷ್ಮೇಶ್ವರದಲ್ಲಿ ಹತ್ತಿಯ ದಲಾಲಿ ಅಂಗಡಿ. ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಪುಣೆಗೆ ಸಂಶೋಧನೆಗೆಂದು ಹೋದಾಗ ನಾನಿನ್ನೂ ಪಿಯುಸಿ ಹುಡುಗಿ. ದೀಪಾವಳಿಗೆ ಬಂದವಳನ್ನು, “ಅಲ್ಲಿ ಏನು ಮಾಡ್ತೀ?” ಎಂದು ಕೇಳಿದ್ದೆ. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಹೇಳಿದ್ದಳು: “ಸಂತ್ಯಾಗ ಸಾವಿರ ಮಂದಿ ಒದರಾಕತ್ತಿರತಾರ. ಅದರಾಗ ಅವ್ವ ಕರದರ ನಿನಗ ಗೊತ್ತಾಗತೈತಿಲ್ಲೋ? ಯಾಕ ಹೇಳು. ಅವ್ವನ ದನಿ ಹೆಂಗಿರತೈತಿ ಅಂತ ನಿನಗ ಮೊದಲ ಗೊತ್ತೈತಿ. ಅಲೆ ಹೆಂಗಿರತೈತಿ ಅಂತ ಮೊದಲ ಲೆಕ್ಕ ಹಾಕಿ ಇಡೂದು ನಮ್ಮ ಕೆಲಸ. ನಾಳೆ ಯಂತ್ರ ಕಟ್ಟಿದ ಮ್ಯಾಲೆ ಆ ಗದ್ದಲದಾಗ ಅದನ್ನ ಹುಡುಕಬೇಕಲ್ಲ.”

ಯಂತ್ರ ಆಗಿನ್ನೂ ಪೂರ್ತಿ ಕಟ್ಟಿರಲಿಲ್ಲ. ಅಲೆ ಸಿಗುತ್ತದೆಂದು ನಂಬಿದವರೂ ಕಡಿಮೆ. ನಮ್ಮ ಸೋದರಮಾವ ಊಟಕ್ಕೆ ಕೂತಾಗಲೆಲ್ಲ ನಗುತ್ತಿದ್ದ: “ಸಿಗಲಾರದ ವಸ್ತು ಹುಡುಕಾಕ ಪುಣೆತನಕ ಯಾಕ ಹೋಗಬೇಕವಾ? ನಮ್ಮ ಹಿತ್ತಲದಾಗ ಹುಡುಕು, ಇಲ್ಲೂ ಸಿಗೂದಿಲ್ಲ.” ಅಕ್ಕನೂ ನಗುತ್ತಿದ್ದಳು.

ಅವ್ವನಿಗೆ ಲಕವಾ ಹೊಡೆದದ್ದು ಆ ಮುಂದಿನ ಬೇಸಿಗೆಯಲ್ಲಿ. ಬಲಗೈ, ಬಲಗಾಲು ಬಿದ್ದುಹೋದವು. ಅಕ್ಕ ಒಂದು ಸಣ್ಣ ಚೀಲದಲ್ಲಿ ನಾಲ್ಕು ಸೀರೆ ತುಂಬಿಕೊಂಡು ಬಂದಳು. ಅವ್ವ ಎದ್ದು ಕುಂತ ಮೇಲೆ ಹೋಗುವುದು ಅಂತ ಮಾತು. ಅವ್ವ ಎದ್ದು ಕೂತಳು, ಆದರೆ ನಿಲ್ಲಲಿಲ್ಲ. ಮಳೆಗಾಲ ಹೋಯಿತು, ಸಂಕ್ರಾಂತಿ ಬಂತು. ಯಾವಾಗ ಬರುತ್ತೀ ಎಂದು ಪುಣೆಯಿಂದ ಕೇಳುವುದೂ ನಿಂತಿತು. ಶಿರಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯ ಜಾಗ ಖಾಲಿಯಿತ್ತು, ಸೇರಿದಳು. ಲಕ್ಷ್ಮೇಶ್ವರದಲ್ಲೇ ಔಷಧಿ ಅಂಗಡಿ ಇಟ್ಟಿದ್ದ ಒಳ್ಳೆಯ ಮನುಷ್ಯನೊಬ್ಬನನ್ನು ಮದುವೆಯಾದಳು. ಯಾರೂ ಜಗಳ ಮಾಡಲಿಲ್ಲ, ಯಾರೂ ಅಳಲಿಲ್ಲ. ಒಂದು ಕೆಲಸ ನಿಂತುಹೋಯಿತು, ಅಷ್ಟೇ.

ಅವ್ವ ಮಾತ್ರ ಕೊನೆಯ ವರ್ಷಗಳಲ್ಲಿ ಒಮ್ಮೆ, ತೊದಲುವ ನಾಲಿಗೆಯಲ್ಲಿ, ನನ್ನೆದುರಿಗೇ ಅಕ್ಕನಿಗೆ ಅಂದಳು: “ನಾ ಜಲ್ದಿ ಹೋಗಿದ್ರ ನೀ ತಿರುಗಿ ಹೋಗ್ತಿದ್ದಿ.”

“ಹುಚ್ಚವ್ವ,” ಅಂದು ಅಕ್ಕ ಅವಳ ತಲೆ ಬಾಚುವುದನ್ನು ಮುಂದುವರಿಸಿದಳು. ಅವ್ವ ಹೋದ ಮೇಲೂ ಪುಣೆಯ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ.

ಆ ಪೇಪರಿನ ಸುದ್ದಿ ಬಂದ ನಂತರದ ಭಾನುವಾರ ನಾನು ಲಕ್ಷ್ಮೇಶ್ವರಕ್ಕೆ ಹೋದೆ. ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಆ ಸಂಶೋಧನಾ ಲೇಖನಕ್ಕೆ ಸಾವಿರಕ್ಕೂ ಹೆಚ್ಚು ಮಂದಿಯ ಹೆಸರಿತ್ತು. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಿದ್ದಳು. “ಇಕೀ ನನ್ನ ಬಾಜೂ ಕುಂಡ್ರತಿದ್ಲು,” ಅಂದಳು ಒಂದು ಕಡೆ. “ಇವನಿಗೆ ನಾನ ಚಾ ಮಾಡೂದು ಕಲಿಸಿದ್ದು,” ಅಂದಳು ಇನ್ನೊಂದು ಕಡೆ. ಮಾಮಾ, ಅಂದರೆ ಅವಳ ಗಂಡ, ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ.

ಆದರೆ ಅಕ್ಕ ಬರೀ ಕೂತು ಕೊರಗುವವಳಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಸುತ್ತಲಿನ ಊರುಗಳಿಗೆ ಹೋಗಿ ಮಕ್ಕಳಿಗೆ ಇದನ್ನು ಹೇಳಬೇಕು ಅಂತ ಹಟ ಹಿಡಿದಳು. ನಾನೂ ಜೊತೆಗೆ. ಒಂದು ಹಳೆ ಚಾದರ, ಆಟದ ಸಾಮಾನಿನ ಕಬ್ಬಿಣದ ಗುಂಡು, ಒಂದು ಹಿಡಿ ಗೋಲಿ, ಇಷ್ಟೇ ನಮ್ಮ ಸರಂಜಾಮು. ಹರ್ತಿಗೆ ಹೋದೆವು, ಮಲ್ಲಸಮುದ್ರಕ್ಕೆ ಹೋದೆವು. ಚಾದರದ ನಾಲ್ಕು ತುದಿಯನ್ನು ಮಕ್ಕಳು ಬಿಗಿಯಾಗಿ ಹಿಡಿಯಬೇಕು, ನಡುವೆ ಗುಂಡು ಇಟ್ಟರೆ ಅರಿವೆ ಜಗ್ಗುತ್ತದೆ, ಗೋಲಿ ಬಿಟ್ಟರೆ ಅದರ ಸುತ್ತ ತಿರುಗುತ್ತದೆ. “ಗುಂಡಿನ ತೂಕಕ್ಕ ಅರಿವಿ ಜಗ್ಗಿದಂಗ ಆಕಾಶನ ಜಗ್ಗತೈತಿ,” ಅನ್ನುತ್ತಿದ್ದಳು. “ಎರಡು ಭಾರಾದ ವಸ್ತು ತಿರುಗಿದ್ರ ಆ ನಡುಕ ನಮ್ಮತನಕ ಬರತೈತಿ. ಬರೂದ್ರಾಗ ಎಷ್ಟು ಸಣ್ಣದಾಗಿರತೈತಿ ಅಂದ್ರ, ಒಂದು ಅಣುವಿನಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಪಾಲು ಸಣ್ಣದು.”

ಮುಂಡರಗಿಯ ಹೆಣ್ಣುಮಕ್ಕಳ ಶಾಲೆಗೆ ಹೋದ ದಿನ ಬಸ್ಸಿನ ಕಿಟಕಿಯಿಂದ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತಿದ್ದವು. “ಇಂಥಾ ಕಡೆ ಆ ಯಂತ್ರ ಇಡಾಕ ಬರೂದಿಲ್ಲ ನೋಡು, ನೆಲ ನಡಗತೈತಿ,” ಅಂದಳು ಅಕ್ಕ, ಯಾರೋ ಅವಳಿಗೆ ಜಾಗ ಹುಡುಕಲು ಹೇಳಿದ ಹಾಗೆ. ಪಾಠ ಮುಗಿದ ಮೇಲೆ ಎರಡು ಜಡೆ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಅದು ಸಿಕ್ಕಾಗ ನೀವು ಅಲ್ಲಿ ಇದ್ರೇನ್ರಿ?”

“ಇಲ್ಲವಾ, ನಾ ಶಿರಹಟ್ಟ್ಯಾಗ ಪೇಪರ್ ತಿದ್ದಾಕತ್ತಿದ್ದೆ,” ಅಂದಳು ಅಕ್ಕ. ಹುಡುಗಿಯರೆಲ್ಲ ನಕ್ಕರು. ಅಕ್ಕ ಚಾದರ ಮಡಚತೊಡಗಿದಳು. ಮಡಿಕೆ ಸರಿ ಬರಲಿಲ್ಲ. ಬಿಚ್ಚಿ ಮತ್ತೆ ಮಡಚಿದಳು.

ಕಪ್ಪುರಂಧ್ರದ ಮೊದಲ ಚಿತ್ರ ಬಂದ ವರ್ಷ ನಮ್ಮ ಮಾತು ಕೇಳುವವರು ಹೆಚ್ಚಾದರು. ಕಿತ್ತಳೆ ಬಣ್ಣದ ಉಂಗುರ, ನಡುವೆ ಕತ್ತಲು. ಮಾಮಾ ಅದನ್ನು ದಿಟ್ಟಿಸಿ ನೋಡಿ, “ಜರಾ ಹೊತ್ತಿದ ಕೋಡಬಳಿ ಆಗೇತಲ್ಲ,” ಅಂದ. ಅಕ್ಕ ಬಿದ್ದು ಬಿದ್ದು ನಕ್ಕಳು. ಮುಂದೆ ಎಲ್ಲ ಶಾಲೆಗಳಲ್ಲೂ ಆ ಕೋಡುಬಳೆಯ ಮಾತನ್ನೇ ಹೇಳಿದಳು.

ಕೋವಿಡ್ ಕಳೆದ ಮೇಲೆ ಪುಣೆಯಲ್ಲಿ ಶಿಕ್ಷಕರಿಗಾಗಿ ಒಂದು ಕಾರ್ಯಾಗಾರ ನಡೆಯಿತು. ಅರ್ಜಿ ಹಾಕಿದ್ದು ನಾನು, ಇಬ್ಬರ ಹೆಸರಿನಲ್ಲೂ. ಅಕ್ಕ ಮೊದಲು ಒಲ್ಲೆ ಅಂದಳು, ಆಮೇಲೆ ಹೊಸ ಇಳಕಲ್ ಸೀರೆ ಇಸ್ತ್ರಿ ಮಾಡಿಸಿದಳು. ಹುಬ್ಬಳ್ಳಿಯಿಂದ ರೈಲು.

ಅಲ್ಲಿ ಬಾಗಿಲಲ್ಲೇ ಬಿಳಿ ಕೂದಲಿನ ಹೆಂಗಸೊಬ್ಬಳು ನಮ್ಮನ್ನು ತಡೆದು ನಿಲ್ಲಿಸಿ, ಅಕ್ಕನ ಮುಖವನ್ನೇ ನೋಡಿದಳು. ಪಕ್ಕದಲ್ಲಿ ಕೂರುತ್ತಿದ್ದಳೆಂದು ಅಕ್ಕ ಹೇಳಿದ್ದ ಗೆಳತಿಯೇ ಅವಳು. ಈಗ ದೊಡ್ಡ ವಿಜ್ಞಾನಿ. ಇಬ್ಬರೂ ಮರಾಠಿ, ಇಂಗ್ಲಿಷ್ ಬೆರೆಸಿ ಒಮ್ಮೆಲೇ ಮಾತಾಡತೊಡಗಿದರು. ಮಧ್ಯಾಹ್ನ ಗೆಳತಿ ನಮ್ಮನ್ನು ಒಂದು ಕೋಣೆಗೆ ಕರೆದೊಯ್ದಳು. ಐದಾರು ಹುಡುಗ ಹುಡುಗಿಯರು ಪರದೆಗಳ ಮುಂದೆ ಕೂತಿದ್ದರು. ಒಬ್ಬಳು ಡಬ್ಬಿ ತೆರೆದು ಪೋಹೆ ತಿನ್ನುತ್ತಲೇ ಪರದೆಯ ಮೇಲಿದ್ದ ಯಾವುದೋ ದೇಶದವನೊಂದಿಗೆ ಜಗಳವಾಡುತ್ತಿದ್ದಳು, ಬಂದದ್ದು ಅಲೆಯೋ ಬರೀ ಗದ್ದಲವೋ ಅಂತ.

ಅಕ್ಕ ಆ ಹುಡುಗಿಯ ಹತ್ತಿರ ಹೋಗಿ ಕೂತಳು. ಅವಳ ಮನಸ್ಸಿನಲ್ಲಿ ಎಷ್ಟೋ ವರ್ಷದಿಂದಿದ್ದ ಪ್ರಶ್ನೆಯನ್ನು ಕೇಳಿದಳು. ಮೊಟ್ಟಮೊದಲು ಸಿಕ್ಕ ಆ ಅಲೆಯನ್ನು ಹಿಡಿದದ್ದು ತಾವು ಮೊದಲೇ ಲೆಕ್ಕ ಹಾಕಿಟ್ಟಂಥ ಅಲೆಯ ಮಾದರಿಗಳೇನು?

ಹುಡುಗಿ ಪಾಪ ಇದ್ದದ್ದನ್ನು ಹೇಳಿದಳು. ಮೊದಲು ಎಚ್ಚರಿಸಿದ್ದು ಮಾದರಿ ಇಲ್ಲದೆ ಹುಡುಕುವ ಬೇರೊಂದು ವಿಧಾನ. ಅಲೆ ಅಷ್ಟು ಜೋರಾಗಿತ್ತು. ಆದರೆ ಅದು ಖರೆ ಅಂತ ಗಟ್ಟಿಯಾಗಿ ಹೇಳಲು, ಎಷ್ಟು ದೂರದ್ದು, ಎಷ್ಟು ತೂಕದ್ದು ಅಂತ ತಿಳಿಯಲು ಮಾದರಿಗಳೇ ಬೇಕಾದವು.

ಅಕ್ಕ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ಗೆಳತಿ ಅವಳ ಕೈ ಹಿಡಿದುಕೊಂಡು ಹೇಳಿದ್ದು ನನಗೂ ಅರ್ಥವಾಯಿತು. “ನೀನು ಬರುತ್ತೀ ಅಂತ ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿರಲಿಲ್ಲ. ನಾನೇ ಒಂದು ಸಲ ನಿಮ್ಮೂರಿಗೆ ಬಂದು ಕರೆಯಬೇಕಿತ್ತು. ಈಗಲಾದರೂ ಬಾ. ಮಹಾರಾಷ್ಟ್ರದಲ್ಲೇ ನಮ್ಮ ದೇಶದ ಯಂತ್ರ ಬರುತ್ತದೆ. ಊರ ಜನಕ್ಕೆ, ಶಾಲೆಗಳಿಗೆ ಇದನ್ನು ಹೇಳುವವರು ಬೇಕು. ಲೆಕ್ಕವನ್ನೂ ಮತ್ತೆ ಶುರುಮಾಡು.”

ತಿರುಗಿ ಬರುವಾಗ ರೈಲಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೆಳಗಾವಿ ದಾಟಿದ ಮೇಲೆ ಕೇಳಿದಳು, “ಹೋಗ್ಲೇನು?”

“ಹೋಗು. ಮಾಮಾಗ ನಾ ಹೇಳ್ತೀನಿ.”

“ಅವರು ಬ್ಯಾಡ ಅನ್ನೂದಿಲ್ಲ. ಅವತ್ತೂ ಯಾರೂ ಬ್ಯಾಡ ಅಂದಿದ್ದಿಲ್ಲ ತಂಗಿ.” ಕಿಟಕಿಯಿಂದ ನನ್ನ ಕಡೆ ತಿರುಗಿ ಅಂದಳು, “ಬಿಟ್ಟು ಬಂದದ್ದಕ್ಕ ನನಗ ಅಷ್ಟು ಕೆಟ್ಟ ಅನಿಸೂದಿಲ್ಲ. ಬಿಡೂವಾಗ ಒಬ್ಬರರ ‘ಬಿಡಬ್ಯಾಡ’ ಅನಬೇಕಿತ್ತು. ಪುಣೆ ಮಾಸ್ತರು ಅನಲಿಲ್ಲ, ಅಪ್ಪ ಅನಲಿಲ್ಲ. ನಾನೂ ಅನ್ಕೊಳ್ಳಲಿಲ್ಲ.”

ಊರಿಗೆ ಬಂದವಳು ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಧೂಳು ಹೊಡೆದಳು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಲೆಕ್ಕ ಮಾಡುತ್ತಿದ್ದಳು. ಅಕ್ಷರ ಸಣ್ಣದು, ಬೆಳಕು ಸಾಲದು ಅನ್ನುತ್ತಿದ್ದಳು. ಮಾಮಾ ದೊಡ್ಡ ದೀಪ ಹಾಕಿಸಿದ. ಕನ್ನಡಕ ಬದಲಿಸಿದಳು. ಒಂದು ಸಂಜೆ ಶಿರಹಟ್ಟಿ ಬಸ್ಸಿನಿಂದ ಇಳಿಯುವಾಗ ಪಕ್ಕದಲ್ಲೇ ಬಂದ ಸೈಕಲ್ ಕಾಣದೆ ಬಿದ್ದಳು. ಆಗ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು.

ಕಣ್ಣಿನ ಡಾಕ್ಟರ್ ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿತ್ತು. “ಇದು ನೋವಾಗೂದಿಲ್ರಿ, ಅದಕ್ಕ ಗೊತ್ತಾಗೂದಿಲ್ಲ. ಹೋದದ್ದು ತಿರುಗಿ ಬರೂದಿಲ್ಲ. ಉಳಿದದ್ದನ್ನ ಉಳಿಸಿಕೊಳ್ಳಾಕ ನೋಡೋಣು,” ಅಂದರು. “ಮೊದಲ ಬಂದಿದ್ರ…” ಅಂದು ಅರ್ಧಕ್ಕೇ ನಿಲ್ಲಿಸಿದರು.

ಎಷ್ಟು ಪ್ರಯತ್ನಿಸಿದರೂ ಉಳಿದದ್ದು ಸ್ವಲ್ಪವೇ. ಈಗ ಮನೆಯೊಳಗೆ ಗೋಡೆ ಮುಟ್ಟಿಕೊಂಡು ಓಡಾಡುತ್ತಾಳೆ. ನೇರ ಎದುರಿಗಿದ್ದದ್ದು ಒಂದಿಷ್ಟು ಕಾಣುತ್ತದೆ, ಓದಲಿಕ್ಕಾಗುವುದಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಪುಣೆಗೆ ಬರಲಾಗುವುದಿಲ್ಲ ಎಂದು ತಾನೇ ಫೋನ್ ಮಾಡಿ ಹೇಳಿದಳು. ಆ ಕಡೆ ಗೆಳತಿ ಅತ್ತಳಂತೆ. “ನಾನ ಸಮಾಧಾನ ಮಾಡಬೇಕಾತು,” ಅಂದಳು ಅಕ್ಕ.

ಮೊನ್ನೆ ಇನ್ನೊಂದು ಸುದ್ದಿ ಬಂತು. ಮೊದಲಿನದರಂಥದೇ ಜೋಡಿ, ಆದರೆ ಈ ಸಲ ಯಂತ್ರ ಸುಧಾರಿಸಿದ್ದರಿಂದ ಅಲೆ ಬಹಳ ಸ್ವಚ್ಛವಾಗಿ ಸಿಕ್ಕಿತ್ತು. ಎರಡು ಕಪ್ಪುರಂಧ್ರ ಕೂಡಿದರೆ ಹುಟ್ಟುವುದರ ಮೇಲ್ಮೈ ಮೊದಲಿನ ಎರಡರ ಒಟ್ಟು ಮೇಲ್ಮೈಗಿಂತ ಎಂದೂ ಕಡಿಮೆಯಾಗದು ಅನ್ನುವ ಹಳೆಯ ಮಾತು ಅದರಿಂದ ಇನ್ನಷ್ಟು ಗಟ್ಟಿಯಾಗಿತ್ತು. ಭಾನುವಾರ ಲಕ್ಷ್ಮೇಶ್ವರಕ್ಕೆ ಹೋಗಿ ಲೇಖನವನ್ನು ಅವಳಿಗೆ ಓದಿ ಹೇಳಿದೆ. ಎರಡನೆಯ ಪುಟಕ್ಕೇ ತಡೆದಳು. ಕೂಡಿಕೊಂಡ ಮೇಲೆ ಉಳಿಯುವ ಕಂಪನವನ್ನು ಯಾವ ಕ್ಷಣದಿಂದ ಎಣಿಸಿದರು, ಅದನ್ನು ಆರಿಸಿದ್ದು ಹೇಗೆ ಅಂತ ಕೇಳಿದಳು. ನಾನು ಇಷ್ಟು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು, ಆದರೂ ಅದು ನನ್ನ ಪಾಠದಾಚೆಯ ಪ್ರಶ್ನೆ. ಪುಣೆಯ ಗೆಳತಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ ಅಕ್ಕನ ಮುಂದಿಟ್ಟೆ.

ಇಬ್ಬರಿಗೂ ವಾದ ಹತ್ತಿತು. ನಾನು ಒಳಗೆ ಚಾ ಇಟ್ಟೆ. ಅಡಿಗೆಮನೆಗೆ ಅಕ್ಕನ ದನಿ ಕೇಳುತ್ತಿತ್ತು, ಜೋರಾಗಿ, ಶಾಲೆಯಲ್ಲಿಯೂ ಎಂದೂ ಕೇಳದಷ್ಟು ಜೋರಾಗಿ. “ಅಲ್ಲ, ಅಲ್ಲ, ನೀ ತಪ್ಪು ಹೇಳಾಕತ್ತೀದಿ,” ಅಂತ ಮರಾಠಿಯ ನಡುವೆ ಕನ್ನಡವೂ ಬರುತ್ತಿತ್ತು. ಗೆಳತಿ ನಗುತ್ತಿದ್ದಳು. ಮಾಮಾ ಅಂಗಡಿಯಿಂದ ಬಂದವನು ಒಳಗೆ ಬಾರದೆ ಪಡಸಾಲೆಯ ಹೊರಗೇ ನಿಂತುಕೊಂಡ.

ಫೋನ್ ಇಟ್ಟ ಮೇಲೆ ನಾನು ಅವಳ ಕೈಗೆ ಬಟ್ಟಲು ಕೊಟ್ಟೆ. ಚಾ ಆರಿಹೋಗಿತ್ತು, ಅವಳು ಕುಡಿದಳು.

“ಯಾರು ಗೆದ್ರವಾ?” ಅಂದ ಮಾಮಾ ಒಳಗೆ ಬಂದು.

“ಆಕೀನ ಗೆದ್ಲು. ಇಲ್ಲಿತನಕ ಏನೇನು ಆಗೇತಿ ಅಂತ ನನಗ ಅರ್ಧಾನೂ ಗೊತ್ತಿಲ್ಲ,” ಅಂದಳು ಅಕ್ಕ. ಆಮೇಲೆ ನನ್ನ ಕಡೆಗೆ, ನಾನು ಕೂತಿದ್ದೇನೆಂದು ಅವಳು ಅಂದುಕೊಂಡ ಕಡೆಗೆ, ತಿರುಗಿ ಅಂದಳು: “ದಿನಾ ಆಡೂವಂಥಾ ಮಾತಿದ್ದವು ಇವು. ದಿನಾ ಜಗಳಾಡಿ, ದಿನಾ ಸೋತು, ನಾಳೆ ಮತ್ತ ಹೋಗೂವಂಥಾದ್ದು.”

ಮಾಮಾ ಅವಳ ಪಕ್ಕದಲ್ಲಿ ಕೂತ. ನಾನು ಲೇಖನದ ಉಳಿದ ಪುಟಗಳನ್ನು ತೆಗೆದು, ಎಲ್ಲಿ ನಿಂತಿತ್ತೋ ಅಲ್ಲಿಂದ ಓದತೊಡಗಿದೆ.