ಸಲೀಂ ಅಂಕಲ್ ಕೊನೆಯದಾಗಿ ಹಿಡಿದ ಚೆಂಡು

ನೋವೈ ಊರಿನ ಇಂಡಿಯನ್ ಅಂಗಡಿಯಲ್ಲಿ ಇವತ್ತು ಯಾರದೋ ಮೈಯಿಂದ ನೋವಿನ ಮುಲಾಮಿನ ವಾಸನೆ ಬಂತು. ಮಂಡಿಗೆ ಅದನ್ನೇ ಉಜ್ಜಿಕೊಂಡು ಮೈದಾನಕ್ಕಿಳಿಯುತ್ತಿದ್ದ ಸಲೀಂ ಅಂಕಲ್ ನೆನಪಾದರು.

ಹುಬ್ಬಳ್ಳಿ ಕಡೆಯವರು, ನಾನು ಚಿಕ್ಕವಳಿದ್ದಾಗ ಇಲ್ಲೇ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಪಕ್ಕದ ಮನೆ. ಭಾನುವಾರಗಳಲ್ಲಿ ದೂರದ ಒಂದು ಸಣ್ಣ ಊರಿನ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿ ಆಡುತ್ತಿದ್ದರು. ನೋಡಲು ಬೆರಳೆಣಿಕೆಯಷ್ಟು ಜನ. ತಣ್ಣಗೆ ಕೊರೆಯುವ ತಗಡಿನ ಬೆಂಚಿನ ಮೇಲೆ ಅಪ್ಪ ಪೇಪರ್ ಹಾಸಿ ನನ್ನನ್ನು ಕೂರಿಸುತ್ತಿದ್ದರು. ಅಂಕಲ್ ಹೆಂಡತಿ ಫರೀದಾ ಆಂಟಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಿದ್ದರು.

ಆ ದಿನ ಅಂಕಲ್ ಹಾರಿ ಚೆಂಡು ಹಿಡಿದು ಬೋರಲು ಬಿದ್ದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಏಳಲಿಲ್ಲ. ಅಪ್ಪ ಓಡಿದರು. ಆಂಟಿ ಒದ್ದೆ ಹುಲ್ಲಿನ ಮೇಲೆ ಕೂತು, “ಏಳ್ರೀ, ಮನಿಗೆ ಹೋಗೂಣು” ಎನ್ನುತ್ತಲೇ ಇದ್ದರು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಪ್ಪ ಮತ್ತೆಂದೂ ಮೈದಾನದ ಕಡೆ ಹೋಗಲಿಲ್ಲ. ನನ್ನನ್ನೂ ಆಡಲು ಬಿಡಲಿಲ್ಲ.

ಈಗ ನನ್ನ ಮಗಳು ಸ್ಕೂಲ್ ಟೀಮಿನ ಗೋಲ್‌ಕೀಪರ್. ಅಂಗಡಿಯಿಂದ ಮನೆಗೆ ಬಂದವಳೇ ನಾನು, ಈಗ ಶಿಕಾಗೋದಲ್ಲಿರುವ ಫರೀದಾ ಆಂಟಿಗೆ ಫೋನ್ ಮಾಡಿ, “ಮಗಳ ಮ್ಯಾಚ್ ನೋಡೋಕೆ ಹೋಗಕ್ಕೇ ಭಯ ಆಗುತ್ತೆ ಆಂಟಿ” ಎಂದೆ.

“ಮ್ಯಾಚ್ ಯಾವಾಗ ಐತಿ ಹೇಳವ್ವಾ” ಅಂದರು ಆಂಟಿ. “ನಾನೂ ಬರ್ತೀನಿ.”