ಮೀಟರ್ ನೋಡಿ ಬೆಲ್ ಒತ್ತುತ್ತಿದ್ದವರು

ಗೇಟಿನ ಚಿಲಕ ಸದ್ದು ಮಾಡಿಯೂ ಬೆಲ್ ಆಗಲಿಲ್ಲ ಎಂದರೆ ಬಂದವರು ನಂಜುಂಡಯ್ಯನವರು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಗೇಟಿಗೂ ಬಾಗಿಲಿಗೂ ನಡುವಿನ ಗೋಡೆಯಲ್ಲಿ ಕರೆಂಟಿನ ಮೀಟರ್ ಇತ್ತು. ಅವರು ಅದರ ಮುಂದೆ ಮಂಡಿಗೆ ಕೈಯೂರಿ ಬಗ್ಗಿ, ಕನ್ನಡಕವನ್ನು ಹಣೆಗೇರಿಸಿ, ಗಾಜಿನೊಳಗೆ ತಿರುಗುವ ಚಕ್ರವನ್ನು ನೋಡುತ್ತಿದ್ದರು. ಚಕ್ರದ ಅಂಚಿನ ಕಪ್ಪು ಗುರುತು ಮರೆಯಾಗಿ ಮತ್ತೆ ಕಾಣುವ ತನಕ ಕಾದು, ಅದರ ವೇಗದಿಂದ ಒಳಗೆ ಎಷ್ಟು ಕರೆಂಟು ಹೋಗುತ್ತಿದೆಯೆಂದು ಅಳೆದು, ಆಮೇಲೆ ಬೆಲ್ ಒತ್ತುತ್ತಿದ್ದರು. ಬಾಗಿಲು ತೆರೆದವರಿಗೆ ನಮಸ್ಕಾರವಿಲ್ಲ, ಕುಶಲಪ್ರಶ್ನೆಯಿಲ್ಲ.

"ಒಳಗೆ ಇಸ್ತ್ರಿ ಪೆಟ್ಟಿಗೆ ಹಾಕಿದೀರಾ?"

ಹಾಕಿರುತ್ತಿದ್ದೆವು. ಅಮ್ಮ ಅಡುಗೆಮನೆಯಿಂದಲೇ "ಬಂದ್ರು ನೋಡು, ತನಿಖೆಗೆ" ಎಂದು ಗೊಣಗಿ ಕಾಫಿಗೆ ಇಡುತ್ತಿದ್ದಳು.

ನಂಜುಂಡಯ್ಯನವರು ವಿದ್ಯುತ್ ಇಲಾಖೆಯಲ್ಲಿ ಕರೆಂಟು ಕಳ್ಳತನ ಹಿಡಿಯುವ ದಳದಲ್ಲಿದ್ದು ನಿವೃತ್ತರಾದವರು. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಅವರ ಮನೆ. ಮೀಟರಿಗೆ ಆಯಸ್ಕಾಂತ ಅಂಟಿಸಿದವರು, ಕಂಬದಿಂದ ಕೊಕ್ಕೆ ಹಾಕಿದವರು, ದೇವರ ಪಟದ ಹಿಂದೆ ತಂತಿ ಎಳೆದವರು, ಹೀಗೆ ಒಂದು ಜೀವಮಾನವಿಡೀ ಕಳ್ಳರನ್ನೇ ನೋಡಿದ ಕಣ್ಣು ಅವರದು. ಕೆಲಸ ಮುಗಿದರೂ ಕಣ್ಣು ಮುಗಿಯಲಿಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ಎತ್ತಿ ಅಲ್ಲಾಡಿಸುವರು. ಪಂಚಾಂಗದಲ್ಲಿ ಸೂರ್ಯೋದಯ ಎಷ್ಟಕ್ಕೆಂದು ನೋಡಿಕೊಂಡು, ಮಾರನೆಯ ದಿನ ತಾರಸಿ ಹತ್ತಿ ಪರೀಕ್ಷಿಸುವರು.

ಮಾರುಕಟ್ಟೆಗೆ ಹೋಗುವಾಗ ಅವರ ಕೈಚೀಲದಲ್ಲಿ ಒಂದು ನುಣುಪಾದ ಕಲ್ಲು ಇರುತ್ತಿತ್ತು. ಅದರ ತೂಕ ಸರಿಯಾಗಿ ಅರ್ಧ ಕಿಲೋ. ತರಕಾರಿ ಕೊಳ್ಳುವ ಮೊದಲು ಅದನ್ನು ತಕ್ಕಡಿಗೆ ಇಡಬೇಕು. ಟೊಮೆಟೊ ಮಾರುವ ಮುನಿಯಮ್ಮ ಅವರನ್ನು ದೂರದಿಂದ ಕಂಡ ಕೂಡಲೇ ಪಕ್ಕದವಳಿಗೆ ಕೇಳುವಂತೆ ಕೂಗುವಳು: "ಬಂದ್ರಮ್ಮ ಕಲ್ಲು ಸಾರ್! ಎದ್ದು ನಿಂತ್ಕೊಳೇ!"

ಒಂದು ಸಲ ನಾನು ಜೊತೆಗಿದ್ದೆ. ಕಲ್ಲು ಇಟ್ಟರು. ಮುನಿಯಮ್ಮನ ತಕ್ಕಡಿ ಕಲ್ಲನ್ನು ಅರ್ಧ ಕಿಲೋಗಿಂತ ಕಡಿಮೆ ತೋರಿಸಿತು. ಎಂದರೆ ಅವಳು ಅಷ್ಟು ದಿನವೂ ಎಲ್ಲರಿಗೂ ಹೆಚ್ಚು ತೂಗಿ ಕೊಡುತ್ತಿದ್ದಳು. ನಂಜುಂಡಯ್ಯನವರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ತಕ್ಕಡಿಯಲ್ಲಿ ತೂಕದ ಬಟ್ಟು ಇಡುವ ಬಟ್ಟಲಿನ ಕೆಳಗೆ ಅಂಟಿಕೊಂಡಿದ್ದ ಹಳೆಯ ಮಣ್ಣನ್ನು ಬೀಗದಕೈಯಿಂದ ಕೆರೆದು ತೆಗೆದರು.

"ನಿಮಗೇ ಲಾಭ ಆಗ್ತಿತ್ತಲ್ಲ ಅಂಕಲ್," ಎಂದೆ.

"ಅನುಮಾನ ಅನ್ನೋದು ಎರಡು ಬಟ್ಟಲಿಗೂ ಇರಬೇಕು ಕಣಮ್ಮ. ಒಂದೇ ಕಡೆ ಇದ್ರೆ ಅದು ಅನುಮಾನ ಅಲ್ಲ, ಹೊಟ್ಟೆಕಿಚ್ಚು," ಎಂದರು.

ಈ ಗುಣದಿಂದಾಗಿ ನಮ್ಮ ಬೀದಿಯವರು ಅವರಿಗೆ ಇನ್ನೊಂದು ಕೆಲಸ ಒಪ್ಪಿಸಿದ್ದರು. ಯಾರ ಮನೆಯ ಹೆಣ್ಣುಮಗಳಿಗೆ ಸಂಬಂಧ ಬಂದರೂ ಹುಡುಗನ ವಿಚಾರ ತಿಳಿದು ಬರುವುದು ಅವರೇ. ಹುಡುಗನ ಮನೆಗೆ ಹೋಗುತ್ತಿರಲಿಲ್ಲ. ಅವನ ಬೀದಿಯ ಇಸ್ತ್ರಿಯವನ ಗಾಡಿಯ ಹತ್ತಿರ ನಿಂತು ಮಾತು ತೆಗೆಯುತ್ತಿದ್ದರು. "ಅಂಗಿ ಕೊಡೋವಾಗ ಯಾರೂ ವೇಷ ಹಾಕಲ್ಲ" ಎನ್ನುವುದು ಅವರ ಸಿದ್ಧಾಂತ. ನನ್ನ ಅಕ್ಕ ವಿಜಯಾಳಿಗೆ ನಮ್ಮ ಊರೊಳಗಿನದೇ ಬಡಾವಣೆ ಸಿದ್ದಾಪುರದ ಪ್ರಸನ್ನ ಎಂಬ ಹುಡುಗನ ಸಂಬಂಧ ಬಂದಾಗಲೂ ಅವರೇ ಹೋಗಿ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಏನೂ ಸಿಗಲಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಬೇಸಿಗೆಯಲ್ಲಿ ನಿಶ್ಚಿತಾರ್ಥ ಎಂದಾಯಿತು.

ಪ್ರಸನ್ನ ಒಂದು ಲೆಕ್ಕಪತ್ರದ ಆಫೀಸಿನಲ್ಲಿದ್ದ. ಬಿಡುವಿನಲ್ಲಿ ಬಿಡಿಭಾಗ ತಂದು, ಬೇಕಾದವರಿಗೆ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದ. ಮನೆಮನೆಗೂ ಕಂಪ್ಯೂಟರ್ ಬರುತ್ತಿದ್ದ ಕಾಲ ಅದು. ಅಪ್ಪ ಅವನಿಗೇ ಹೇಳಿ ನಮಗೊಂದು ಮಾಡಿಸಿದರು. ಅದು ಬಂದ ಸಂಜೆ ನಂಜುಂಡಯ್ಯನವರೂ ಬಂದರು. ಕಂಕುಳಲ್ಲಿ ಒಂದು ಸ್ಟೆಬಿಲೈಸರ್ ಇತ್ತು. ಅವರ ಮನೆಯ ಫ್ರಿಜ್ಜಿಗೆ ಹಾಕಿದ್ದದ್ದು, ಹೊಸ ಫ್ರಿಜ್ ಬಂದ ಮೇಲೆ ಬಿಡುವಾಗಿತ್ತು.

"ಈ ರಸ್ತೆ ಕರೆಂಟನ್ನ ನಂಬಬೇಡಿ. ಇದನ್ನ ಮಧ್ಯ ಹಾಕ್ಕೊಳ್ಳಿ. ಬಲ್ಬ್ ಹಾಕಿ ಎರಡು ದಿನ ಪರೀಕ್ಷೆ ಮಾಡಿದೀನಿ," ಎಂದರು.

ಅದನ್ನು ಮೇಜಿನ ಕೆಳಗೆ ಇಟ್ಟೆವು. ಹಳೆಯ ಸೀರೆಯ ತುಂಡೊಂದನ್ನು ಪರದೆಯಂತೆ ಕಟ್ಟಿ ಅಮ್ಮ ಅದನ್ನೂ ತಂತಿಗಳನ್ನೂ ಮರೆಮಾಡಿದಳು.

ನಾನು ಆಗ ಡಿಗ್ರಿ ಓದುತ್ತಿದ್ದೆ. ಸಂಜೆ ಕಾಲೇಜಿನಿಂದ ಬಂದು ಕಾರ್ ರೇಸಿನ ಆಟ ಆಡುವುದು ನನಗೆ ಹುಚ್ಚಾಯಿತು. ನಡೆದದ್ದು ಹೀಗೆ. ಆಟ ಶುರುವಾಗಿ ಕಾರು ವೇಗ ಹಿಡಿದಿರುತ್ತಿತ್ತು. ಇದ್ದಕ್ಕಿದ್ದಂತೆ ಪರದೆ ಕಪ್ಪಾಗುತ್ತಿತ್ತು. ಆಮೇಲೆ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಮೊದಲಿನಿಂದ ಏಳುತ್ತಿತ್ತು. ಅದೇ ಕುರ್ಚಿಯಲ್ಲಿ ಅಕ್ಕ ಕುಳಿತು ಗಂಟೆಗಟ್ಟಲೆ ಟೈಪ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಆಟಕ್ಕೆ ಮಾತ್ರ ಹೀಗೆ.

ಪ್ರಸನ್ನ ಭಾನುವಾರ ಮಧ್ಯಾಹ್ನ ಬಂದ. ಬೇರೆ ರ್ಯಾಮ್ ಹಾಕಿದ, ವಿಂಡೋಸ್ ಅಳಿಸಿ ಮತ್ತೆ ತುಂಬಿದ. ಆಟ ಹಾಕಿ ನೋಡಿದ. ಚೆನ್ನಾಗಿಯೇ ಓಡಿತು. ಊಟ ಮಾಡಿ ಹೋದ. ಸೋಮವಾರ ಸಂಜೆ ಮತ್ತೆ ಪರದೆ ಕಪ್ಪಾಯಿತು. ಮುಂದಿನ ಭಾನುವಾರ ಬಂದು ಒಳಗಿನ ಫ್ಯಾನ್ ಬದಲಿಸಿದ. ಬಿಸಿ ಹೆಚ್ಚಾಗುತ್ತಿರಬಹುದೆಂದು ಪೆಟ್ಟಿಗೆಯ ಒಂದು ಮಗ್ಗುಲಿನ ತಗಡನ್ನೇ ತೆಗೆದು, ನಮ್ಮ ಟೇಬಲ್ ಫ್ಯಾನನ್ನು ಅದಕ್ಕೆ ತಿರುಗಿಸಿಟ್ಟ. ಅವನು ಇರುವಷ್ಟು ಹೊತ್ತು ಎಲ್ಲ ಸರಿ. ಅವನು ಹೋದ ಮೇಲೆ ಮತ್ತೆ ಅದೇ.

ಮೊದಲು ಬಾಯಿಬಿಟ್ಟವರು ಚಿಕ್ಕಪ್ಪ. "ಹಳೇ ಮಾಲು ಹಾಕಿ ಮಾವನಿಗೇ ಟೋಪಿ ಹಾಕಿದಾನೆ. ಅವನು ಬಂದಾಗ ಸರಿ ಇರುತ್ತೆ, ಹೋದ್ಮೇಲೆ ಕೆಡುತ್ತೆ ಅಂದ್ರೆ ಏನಣ್ಣ ಅರ್ಥ?" ತಮಗೆ ಗೊತ್ತಿದ್ದ ಅಂಗಡಿಯವನೊಬ್ಬನನ್ನು ಕರೆತಂದರು. ಅವನು ಒಳಗೆ ಇಣುಕಿ, ಏನನ್ನೂ ಪರೀಕ್ಷಿಸದೆ, "ಯಾರ್ ಸಾರ್ ಇದನ್ನ ಮಾಡಿದ್ದು?" ಎಂದು ನಕ್ಕ. ಅಷ್ಟು ಸಾಕಾಯಿತು.

ಅಪ್ಪ ಒಳ್ಳೆಯ ಮನುಷ್ಯ. ಅದಕ್ಕೇ ಇದನ್ನು ಬರೆಯಲು ನಾನು ಈಗಲೂ ಹಿಂಜರಿಯುತ್ತೇನೆ. ಒಂದು ವಾರದಲ್ಲಿ ಅವರ ಮಾತು ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲು "ಪ್ರಸನ್ನ ಬರ್ತಾನೆ" ಎನ್ನುತ್ತಿದ್ದರು. ಆಮೇಲೆ "ಆ ಹುಡುಗ" ಆಯಿತು. ಆಮೇಲೆ "ಸಿದ್ದಾಪುರದೋನು". ಅವನು ಕಡಿಮೆ ಮಾತಾಡುವುದು ಸಂಕೋಚವೆಂದು ಮೆಚ್ಚಿಕೊಂಡಿದ್ದವರಿಗೆ ಈಗ ಅದೇ ಕಳ್ಳಲಕ್ಷಣವಾಗಿ ಕಂಡಿತು. ಮೂರನೆಯ ಭಾನುವಾರ ಅಪ್ಪ ನೇರವಾಗಿ, "ಏನಪ್ಪ ತೊಂದರೆ ಇದಕ್ಕೆ?" ಎಂದು ಕೇಳಿದರು. ಅವನು ಸ್ಕ್ರೂಡ್ರೈವರ್ ಹಿಡಿದೇ, "ಗೊತ್ತಾಗ್ತಿಲ್ಲ ಅಂಕಲ್" ಎಂದ. ಅಪ್ಪ ಅದನ್ನು ತಪ್ಪೊಪ್ಪಿಗೆ ಎಂದುಕೊಂಡರು.

ಆ ರಾತ್ರಿ ಊಟಕ್ಕೆ ಕುಳಿತಾಗ, "ಒಂದು ಡಬ್ಬದಲ್ಲೇ ಹೀಗೆ ಮಾಡೋನು ಸಂಸಾರದಲ್ಲಿ ಏನ್ ಮಾಡ್ತಾನೋ. ನಿಶ್ಚಿತಾರ್ಥ ಸ್ವಲ್ಪ ಮುಂದಕ್ಕೆ ಹಾಕೋಣ," ಎಂದರು. ವಿಜಯಾ ತಲೆ ಎತ್ತಲಿಲ್ಲ. ಅನ್ನವನ್ನು ಕಲಸುತ್ತಲೇ ಇದ್ದಳು, ಬಾಯಿಗೆ ಇಡಲಿಲ್ಲ.

ಪೂರ್ತಿ ಮುರಿಯುವ ಮೊದಲು ಒಂದು ಸಾಕ್ಷಿ ಬೇಕಿತ್ತು. ಅಪ್ಪ ನಂಜುಂಡಯ್ಯನವರನ್ನು ಕರೆದರು. ಚಿಕ್ಕಪ್ಪನೂ ಬಂದು ಕುಳಿತರು. ಊರನ್ನೇ ಅನುಮಾನಿಸುವ ಮನುಷ್ಯ ಇವನೊಬ್ಬನನ್ನು ಬಿಡುತ್ತಾರೆಯೇ ಎಂದು ಎಲ್ಲರಿಗೂ ಧೈರ್ಯ. ನಂಜುಂಡಯ್ಯನವರು ಎಲ್ಲವನ್ನೂ ಕೇಳಿ, "ಹುಡುಗ ಎಲ್ಲಿ?" ಎಂದರು.

"ಅವನ್ಯಾಕೆ?" ಎಂದರು ಚಿಕ್ಕಪ್ಪ.

"ಕಳ್ಳನ್ನ ಎದುರಿಗೆ ಇಟ್ಕೊಳ್ದೆ ನಾನು ಒಂದು ಮೀಟರೂ ಬಿಚ್ಚಿಲ್ಲ. ಕರೆಸಿ."

ಮಾರನೆಯ ದಿನ ಆಫೀಸು ಮುಗಿಸಿ ಪ್ರಸನ್ನ ಬಂದ. ಸೋಫಾದ ಮೇಲೆ ಕೂರಲಿಲ್ಲ, ಬಾಗಿಲ ಪಕ್ಕದಲ್ಲಿ ನಿಂತ. ನಂಜುಂಡಯ್ಯನವರು ನನ್ನಿಂದ ಶುರುಮಾಡಿದರು.

"ಯಾವಾಗ ಆಗುತ್ತೆ?"

"ಆಟ ಆಡುವಾಗ ಅಂಕಲ್."

"ಅದು ನೀನು ಮಾಡೋ ಕೆಲಸ. ನಾನು ಕೇಳಿದ್ದು ಹೊತ್ತು."

ಯೋಚಿಸಿದೆ. ನಾನು ಆಡುತ್ತಿದ್ದುದೇ ಸಂಜೆ. ಪ್ರಸನ್ನ ಬಂದು ನೋಡುತ್ತಿದ್ದುದು ಮಧ್ಯಾಹ್ನ. ಅದನ್ನು ಹೇಳಿದೆ. ಅವರು ಚಿಕ್ಕಪ್ಪನ ಕಡೆ ತಿರುಗಿದರು.

"ನಿಮ್ಮ ಅಂಗಡಿಯವನು ಬಂದಿದ್ದು?"

"ಬೆಳಿಗ್ಗೆ."

"ಕೆಟ್ಟಿದ್ದನ್ನ ಕಣ್ಣಲ್ಲಿ ನೋಡಿದ್ನಾ?"

ಚಿಕ್ಕಪ್ಪ ಅಪ್ಪನ ಮುಖ ನೋಡಿದರು.

"ಆಡು," ಎಂದರು ನನಗೆ. "ಮೊದಲು ಆ ಸ್ಪೀಕರ್ ಆಫ್ ಮಾಡು. ಸಾಕ್ಷಿ ಹೇಳೋವಾಗ ತಮಟೆ ಬಾರಿಸಬಾರದು."

ಸ್ಪೀಕರ್ ಆರಿಸಿದೆ. ಇಂಜಿನ್ನಿನ ಅಬ್ಬರವಿಲ್ಲದೆ ನಾನು ಆ ಆಟವನ್ನು ಎಂದೂ ಆಡಿರಲಿಲ್ಲ. ಕಾರು ಸುಮ್ಮನೆ ಓಡುತ್ತಿತ್ತು. ಹೊರಗೆ ಬೀದಿದೀಪ ಹತ್ತಿತು. ಯಾರದೋ ಮನೆಯ ನೀರಿನ ಮೋಟರ್ ಗುಂಯ್ ಎಂದು ಶುರುವಾಯಿತು. ನಮ್ಮ ಟ್ಯೂಬ್‌ಲೈಟು ಒಂದು ಕ್ಷಣ ಮಂಕಾಯಿತು. ಮೇಜಿನ ಕೆಳಗೆ, ಸೀರೆಯ ತುಂಡಿನ ಹಿಂದೆ, "ಟಕ್" ಎಂದಿತು. ಪರದೆ ಕಪ್ಪಾಯಿತು.

"ಇನ್ನೊಂದ್ಸಲ," ಎಂದರು ನಂಜುಂಡಯ್ಯನವರು. ಮತ್ತೆ ಆಡಿದೆ. ಮತ್ತೆ "ಟಕ್". ಮತ್ತೆ ಕಪ್ಪು.

ಅವರು ಕಷ್ಟಪಟ್ಟು ನೆಲಕ್ಕೆ ಕುಳಿತು, ಸೀರೆಯ ತುಂಡನ್ನು ಸರಿಸಿದರು. ಒಳಗಿದ್ದದ್ದು ಅವರೇ ತಂದುಕೊಟ್ಟ ಸ್ಟೆಬಿಲೈಸರ್.

"ಹೇಳಪ್ಪ," ಎಂದು ಪ್ರಸನ್ನನ ಮುಖ ನೋಡಿದರು.

ಪ್ರಸನ್ನ ಮೆಲ್ಲಗೆ ಹೇಳಿದ. "ಸಂಜೆ ವೋಲ್ಟೇಜ್ ಇಳಿದಾಗ ಅದು ಒಳಗೆ ಸ್ವಿಚ್ ಬದಲಾಯಿಸ್ಕೊಳುತ್ತೆ ಅಂಕಲ್, ಆ ಟಕ್ ಅನ್ನೋದು ಅದೇ. ಕಣ್ಣು ಮಿಟುಕಿಸೋಷ್ಟು ಹೊತ್ತು ಕರೆಂಟ್ ಇರಲ್ಲ. ಬಲ್ಬಿಗೆ ಗೊತ್ತಾಗಲ್ಲ. ಟೈಪ್ ಮಾಡ್ತಿದ್ರೆ ಕಂಪ್ಯೂಟರೂ ತಡ್ಕೊಳುತ್ತೆ. ಆಟ ಆಡುವಾಗ ಜಾಸ್ತಿ ಎಳೀತಿರುತ್ತೆ, ಆಗ ತಡ್ಕೊಳಲ್ಲ."

"ಇಷ್ಟು ಗೊತ್ತಿದ್ದೋನು ಇದನ್ನ ಯಾಕೆ ತೆಗೆದು ನೋಡ್ಲಿಲ್ಲ?"

"ಅದರ ಮೇಲೆ ಅನುಮಾನಾನೇ ಬರಲಿಲ್ಲ. ನೀವು ಪರೀಕ್ಷೆ ಮಾಡಿ ಕೊಟ್ಟಿದ್ದು ಅಂತ ಆಂಟಿ ಹೇಳಿದ್ರು."

ನಂಜುಂಡಯ್ಯನವರು ಎದ್ದೇಳಲಿಲ್ಲ. ನೆಲದ ಮೇಲೆ ಕುಳಿತೇ ಆ ಕಬ್ಬಿಣದ ಡಬ್ಬಿಯ ಮೇಲೆ ಕೈಯಿಟ್ಟುಕೊಂಡಿದ್ದರು. ನಮ್ಮ ಮನೆಯಲ್ಲಿ ಯಾರೂ ಅನುಮಾನಿಸದ ವಸ್ತು ಅದೊಂದೇ. ಅದನ್ನು ಕೊಟ್ಟವರು ಎಲ್ಲವನ್ನೂ ಅನುಮಾನಿಸುವವರು ಎಂಬ ಕಾರಣಕ್ಕೆ.

ಅದನ್ನು ತೆಗೆದು ಕಂಪ್ಯೂಟರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿದ್ದಾಯಿತು. ನಾನು ಆಡಿದೆ. ಟ್ಯೂಬ್‌ಲೈಟು ಮಂಕಾಯಿತು, ಕಾರು ಓಡುತ್ತಲೇ ಇತ್ತು. ಅಪ್ಪ ದೊಡ್ಡದಾಗಿ ಉಸಿರು ಬಿಟ್ಟು, "ಸರಿಹೋಯ್ತಲ್ಲ, ಬಿಡಿ," ಎಂದರು.

"ಏನ್ರೀ ಸರಿಹೋಗಿದ್ದು?" ಎಂದರು ನಂಜುಂಡಯ್ಯನವರು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. "ಆ ಹುಡುಗ ಬಾಗಿಲ ಹತ್ರ ನಿಂತಿದಾನೆ. ಅವನು ಇನ್ನೂ ಕೂತಿಲ್ಲ."

ಆಗ ವಿಜಯಾ ಒಳಗಿನಿಂದ ಒಂದು ಕುರ್ಚಿ ಎಳೆದು ತಂದು ಅವನ ಪಕ್ಕಕ್ಕೆ ಇಟ್ಟಳು. ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ನಂಜುಂಡಯ್ಯನವರು ಅಪ್ಪನನ್ನು ಹೊರಡಿಸಿಕೊಂಡು ಸಿದ್ದಾಪುರಕ್ಕೆ ಹೋದರು. ಪ್ರಸನ್ನನ ತಾಯಿ ಬಾಗಿಲಲ್ಲೇ ಅವರನ್ನು ಗುರುತಿಸಿದರಂತೆ. "ನೀವೇ ಅಲ್ವಾ, ಇಸ್ತ್ರಿಯವನ ಹತ್ರ ನನ್ನ ಮಗನ ಅಂಗಿ ವಿಚಾರಿಸ್ಕೊಂಡು ಹೋಗಿದ್ದು?" ಎಂದರಂತೆ. ನಂಜುಂಡಯ್ಯನವರು ಹೌದೆಂದು, ನಡೆದದ್ದನ್ನೆಲ್ಲ ಹೇಳಿ, ತಪ್ಪು ತಮ್ಮ ವಸ್ತುವಿನದು ಎಂದರು. ಆಕೆ ಅಪ್ಪನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ನಾಳೆ ನಿಮ್ಮನೆ ಮಿಕ್ಸಿ ಕೆಟ್ರೂ ನನ್ನ ಮಗನೇ ಅಂತೀರಾ?" ಅಪ್ಪ ತಲೆ ತಗ್ಗಿಸಿದರು. ಅದನ್ನು ನಮಗೆ ಅಪ್ಪನೇ ಬಂದು ಹೇಳಿದರು.

ಮದುವೆಯಾಯಿತು. ಅಕ್ಕ, ಭಾವ ಚೆನ್ನಾಗಿದ್ದಾರೆ. ಆದರೆ ಭಾವ ಆಮೇಲೆ ನಮ್ಮ ಮನೆಯ ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಫ್ಯಾನಿನ ರೆಗ್ಯುಲೇಟರ್ ಸಡಿಲವಾದರೂ, "ಬೇಡ ಮಾವ, ಅಂಗಡಿಯವರನ್ನ ಕರೆಸಿ" ಎನ್ನುತ್ತಾರೆ. ನಗುತ್ತಲೇ ಎನ್ನುತ್ತಾರೆ. ಅಪ್ಪ ಆಗ ಕಿಟಕಿಯ ಕಡೆ ನೋಡುತ್ತಾರೆ.

ನಂಜುಂಡಯ್ಯನವರು ಸ್ಟೆಬಿಲೈಸರನ್ನು ಕಂಕುಳಲ್ಲಿಟ್ಟುಕೊಂಡೇ ವಾಪಸು ಒಯ್ದರು. ಆಮೇಲೆ ಯಾವ ಹುಡುಗನ ವಿಚಾರಕ್ಕೂ ಹೋಗಲಿಲ್ಲ. ಜನ ಬಂದು ಕೇಳುತ್ತಿದ್ದರು. "ನನ್ನ ಕಲ್ಲಿನ ತೂಕ ಸರಿ ಇದೆಯೋ ಇಲ್ವೋ ಗೊತ್ತಿಲ್ಲ" ಎಂದು ಕಳಿಸಿಬಿಡುತ್ತಿದ್ದರು.

ಕೊನೆಯ ಸಲ ಅವರು ನಮ್ಮ ಮನೆಗೆ ಬಂದದ್ದು ಅಕ್ಕನ ಮಗುವಿನ ನಾಮಕರಣದ ಮಾರನೆಯ ದಿನ. ಗೇಟಿನ ಚಿಲಕ ಸದ್ದು ಮಾಡಿತು. ಕೂಡಲೇ ಬೆಲ್ ಆಯಿತು. ಬೇರೆ ಯಾರೋ ಎಂದುಕೊಂಡು ಬಾಗಿಲು ತೆಗೆದೆ. ಅವರು ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಕೈಯಲ್ಲಿ ಮಗುವಿಗೆಂದು ತಂದ ಟೋಪಿ.

"ಮೀಟರ್ ನೋಡ್ಲಿಲ್ವಾ ಅಂಕಲ್?"

"ನೋಡಿದ್ರೆ ಏನಾದ್ರೂ ಸಿಗುತ್ತೆ ಕಣಮ್ಮ. ಹುಡುಕೋನಿಗೆ ಸಿಗದೆ ಇರುತ್ತಾ?" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಬಹಳ ಹೊತ್ತು ಅದರ ಮುಖ ನೋಡಿದರು. ಅಮ್ಮ ಕಾಫಿ ತಂದಿಟ್ಟು, "ಏನ್ ಸಿಕ್ತು ನಂಜುಂಡಯ್ಯನವರೇ?" ಎಂದು ಕೆಣಕಿದಳು. ಅವರು ನಕ್ಕು, ಕನ್ನಡಕವನ್ನು ಮತ್ತೆ ಕಣ್ಣಿಗೆ ಇಳಿಸಿಕೊಂಡರು.

ಆ ಮಳೆಗಾಲ ಕಳೆಯುವುದರೊಳಗೆ ಹೋಗಿಬಿಟ್ಟರು. ಚಕ್ರದ ಮೀಟರೂ ಈಗಿಲ್ಲ. ಅದರ ಜಾಗದಲ್ಲಿ ಕೆಂಪು ದೀಪ ಮಿಟುಕಿಸುವ ಹೊಸದೊಂದಿದೆ. ಗೇಟು ಸದ್ದಾದರೆ ಒಡನೆಯೇ ಬೆಲ್ ಆಗುತ್ತದೆ, ಯಾರು ಬಂದರೂ. ಒಮ್ಮೊಮ್ಮೆ ಗಾಳಿಗೆ ಗೇಟಿನ ಚಿಲಕ ಅಲುಗಿ, ಬೆಲ್ ಆಗದೇ ಇದ್ದಾಗ, ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಯ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ.